ಜಾಲಿ ಮುಳ್ಳು, ನೀಲಿ ಪಾಸ್‌ಪೋರ್ಟ್

ಇಲ್ಲಿ ಆಸ್ಟ್ರೇಲಿಯಾದಲ್ಲಿ ನಮ್ಮ ಸಂಘದ ಈ ಸಲದ ಯುಗಾದಿ ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಹುಡುಗ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದ: "ಅಣ್ಣಾ, ಸಿಟಿಜನ್‌ಶಿಪ್ ತಗೊಂಡುಬಿಟ್ರೆ ಆಮೇಲೆ ಟೆನ್ಷನ್ ಇಲ್ಲ ಅಲ್ವಾ? ಯಾವಾಗ ಬಂದ್ರೂ ಆಸ್ಟ್ರೇಲಿಯಾದವ್ರು ಗೇಟ್ ಹಾಕೋ ಹಾಗಿಲ್ಲ." ಚಿಂತಾಮಣಿ ಕಡೆಯವನು. ನನ್ನ ಬಾಯಿ ತುಂಬಾ ಒಬ್ಬಟ್ಟಿತ್ತು, ಸುಮ್ನೆ ತಲೆ ಆಡಿಸಿದೆ. ಅದು ಹೌದೋ ಅಲ್ಲವೋ ಅವನಿಗೆ ಗೊತ್ತಾಗಿರಲಿಕ್ಕಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

2021ರ ಏಪ್ರಿಲ್‌ನಲ್ಲಿ ನಾನು ಶ್ರೀನಿವಾಸಪುರದ ಹತ್ತಿರ ನಮ್ಮೂರಲ್ಲಿದ್ದೆ. ಅಪ್ಪನಿಗೆ ಲಕ್ವ ಹೊಡೆದಿತ್ತು. ಆಗ ಕೋವಿಡ್ ಕಾಲ, ಆಸ್ಟ್ರೇಲಿಯಾದಿಂದ ಹೊರಡುವುದಕ್ಕೂ ಪರ್ಮಿಷನ್ ಬೇಕಿತ್ತು. ಅರ್ಜಿ ಹಾಕಿ, ಆಸ್ಪತ್ರೆ ಚೀಟಿ ತೋರಿಸಿ ಹೋಗಿದ್ದೆ. ವಾಪಸ್ ಬರುವುದಕ್ಕೆ ಯಾರನ್ನು ಕೇಳಬೇಕು? ಸಿಟಿಜನ್ ಅಲ್ವಾ ನಾನು?

ಏಪ್ರಿಲ್ ಕೊನೆಗೆ ವಿಮಾನ ನಿಂತವು. ಮೇ 3ರಿಂದ ಇನ್ನೊಂದು ಆದೇಶ. ಹಿಂದಿನ 14 ದಿನದಲ್ಲಿ ಭಾರತದಲ್ಲಿ ಇದ್ದವರು ಯಾರೂ ಆಸ್ಟ್ರೇಲಿಯಾಕ್ಕೆ ಕಾಲಿಡುವಂತಿಲ್ಲ, ಅಲ್ಲಿನ ಪ್ರಜೆಯಾದರೂ ಅಷ್ಟೇ. ಮೀರಿದರೆ ಐದು ವರ್ಷದವರೆಗೆ ಜೈಲು, ಇಲ್ಲವೇ 66,600 ಡಾಲರ್ ದಂಡ. ಚಿಕ್ಕಪ್ಪ ತೋಟದಲ್ಲಿ ದೋಟಿ ಹಿಡಿದು ಬಾದಾಮಿ ಮಾವಿನಕಾಯಿ ಇಳಿಸುತ್ತಿದ್ದರು. ಓದಿ ಹೇಳಿದೆ. ದೋಟಿಯನ್ನು ಕೊಂಬೆಗೆ ಒರಗಿಸಿ, ಟವೆಲಿನಲ್ಲಿ ಕೈಗೆ ಹತ್ತಿದ ಸೊನೆ ಒರೆಸಿಕೊಳ್ಳುತ್ತಾ, "ನಿನ್ನ ಮನೆಗೆ ನೀನು ಹೋದ್ರೆ ಜೈಲಾ? ಇದ್ಯಾವ ನ್ಯಾಯಾನೋ?" ಅಂದರು. ದಂಡವನ್ನು ರೂಪಾಯಿಗೆ ತಿರುಗಿಸಿ ಹೇಳಿದೆ, ಸುಮಾರು 38 ಲಕ್ಷ. ಅವರು ಮತ್ತೆ ದೋಟಿ ಎತ್ತಿಕೊಂಡರು.

ಸರ್ಕಾರದ ಕಡೆಯೂ ಒಂದು ಮಾತಿತ್ತು, ಇಲ್ಲ ಅನ್ನುವುದಿಲ್ಲ. ಭಾರತದಿಂದ ಬಂದವರಲ್ಲಿ ಸೋಂಕು ಜಾಸ್ತಿಯಾಗಿ ಕ್ವಾರಂಟೈನ್ ಜಾಗ ತಡೆದುಕೊಳ್ಳುವುದಿಲ್ಲ ಅಂದರು. ಆದರೆ ಹಿಂದಿನ ವರ್ಷ ಅಮೆರಿಕ, ಬ್ರಿಟನ್‌ನಲ್ಲಿ ಸೋಂಕು ಉಕ್ಕಿ ಹರಿಯುತ್ತಿದ್ದಾಗ ಅಲ್ಲಿದ್ದ ತಮ್ಮ ಜನಕ್ಕೆ ಜೈಲಿನ ಹೆಸರು ಹೇಳಿರಲಿಲ್ಲ. ನನಗೆ ಚುಚ್ಚಿದ್ದು ಅದು.

ಆಗ ಬೆಂಗಳೂರಿನಲ್ಲಿ ಸಿಕ್ಕಿಹಾಕಿಕೊಂಡಿದ್ದ 73 ವರ್ಷದ ಆಸ್ಟ್ರೇಲಿಯಾ ಪ್ರಜೆಯೊಬ್ಬರು ಫೆಡರಲ್ ಕೋರ್ಟಿಗೆ ಹೋದರು. ಮೇ 10ರಂದು ಜಡ್ಜ್ ಅವರ ಮೊದಲ ವಾದಗಳನ್ನು ತಳ್ಳಿಹಾಕಿದರು. ಪ್ರಜೆ ತನ್ನ ದೇಶಕ್ಕೆ ಬರಬಹುದು ಅನ್ನುವ ಹಳೇ ಹಕ್ಕನ್ನೂ ಪಕ್ಕಕ್ಕಿಡುವಷ್ಟು ಅಧಿಕಾರ 2015ರ ಬಯೋಸೆಕ್ಯೂರಿಟಿ ಕಾಯ್ದೆಯಲ್ಲಿ ಇದೆ ಅಂದರು. ಸಂವಿಧಾನದ ಪ್ರಶ್ನೆ ಇನ್ನೂ ಬಾಕಿ ಇತ್ತು. ಅಷ್ಟರಲ್ಲಿ ಮೇ 15ಕ್ಕೆ ಆದೇಶವೇ ಮುಗಿಯಿತು. ಈ ದೇಶದ ಸಂವಿಧಾನದಲ್ಲಿ "ಪ್ರಜೆ ಒಳಗೆ ಬರಬಹುದು" ಅಂತ ನೇರವಾಗಿ ಒಂದು ಸಾಲೂ ಇಲ್ಲ ತಮ್ಮಾ. ಪಕ್ಕದ ನ್ಯೂಜಿಲೆಂಡ್‌ನಲ್ಲಿ ಇದೆ, 1990ರ ಹಕ್ಕುಗಳ ಕಾಯ್ದೆಯಲ್ಲಿ. ಹಾಗಿದ್ದೂ ಅವರು 2021ರ ಏಪ್ರಿಲ್‌ನಲ್ಲಿ ಭಾರತದಿಂದ ಬರುವವರನ್ನು, ತಮ್ಮ ಪ್ರಜೆಗಳನ್ನೂ ಸೇರಿಸಿ, ಎರಡು ವಾರಕ್ಕೂ ಹೆಚ್ಚು ತಡೆದರು. ಆದರೆ ಅಲ್ಲಿ ಆ ಸಾಲು ಇದ್ದಿದ್ದರಿಂದಲೇ, ಕ್ವಾರಂಟೈನ್ ಜಾಗವನ್ನು ಲಾಟರಿ ಹಾಗೆ ಹಂಚಿದ ಕ್ರಮದಿಂದ ಕೆಲವರ ಹಕ್ಕಿಗೆ ಅನ್ಯಾಯವಾಯಿತು ಅಂತ 2022ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಹೇಳಿತು. ತಡವಾಗಿಯಾದರೂ ಹೇಳಿತು.

ಭಾರತವೇನು ಕಮ್ಮಿ ಇಲ್ಲ. 2020ರ ಮಾರ್ಚ್ 22ಕ್ಕೆ ಎಲ್ಲ ವಿದೇಶಿ ವಿಮಾನ ನಿಲ್ಲಿಸಿದ ಮೇಲೆ, ಹೊರಗಿದ್ದ ತನ್ನ ಮಕ್ಕಳನ್ನು ವಂದೇ ಭಾರತ್ ವಿಮಾನದಲ್ಲಿ ಕರೆಸಿಕೊಳ್ಳಲು ಶುರು ಮಾಡಿದ್ದು ಮೇ 7ಕ್ಕೆ. ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡಿನವರಿಗೆ, ಅಂದರೆ ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ, ಮಾರ್ಚ್ 13ರಿಂದಲೇ ಬಾಗಿಲು ಹಾಕಿತ್ತು. ನಮ್ಮ ಸಂಘದಲ್ಲೇ ಒಬ್ಬರು ಅಮ್ಮನ ಮಣ್ಣನ್ನು ವಾಟ್ಸಾಪ್ ವಿಡಿಯೋದಲ್ಲಿ ನೋಡಿದರು. ಅಲ್ಲಿ ಬೆಳಿಗ್ಗೆ ಹತ್ತಕ್ಕೆ, ನೆಟ್‌ವರ್ಕ್ ಎರಡು ಸಲ ಕಟ್ಟಾಯಿತು. ಆ ಕಾರ್ಡಿನ ಮೇಲೆ 'ಸಿಟಿಜನ್' ಅನ್ನುವ ಪದ ಇದೆ, ಒಳಗೆ ಪೌರತ್ವ ಇಲ್ಲ. ಎರಡು ದೇಶದ ಪಾಸ್‌ಪೋರ್ಟೂ ನೀಲಿಯೇ. ಒಂದರ ಮೇಲೆ ಸಿಂಹ, ಇನ್ನೊಂದರ ಮೇಲೆ ಕಾಂಗರೂ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಹಾಗಿಲ್ಲ.

ಇಷ್ಟು ಬರೆದ ಮೇಲೆ ನನ್ನದೂ ಒಂದು ತಪ್ಪು ಒಪ್ಪಿಕೊಳ್ಳಬೇಕು. 2020ರ ಏಪ್ರಿಲ್‌ನಲ್ಲಿ ನಮ್ಮೂರಿಗೆ ಹೋಗುವ ದಾರಿಗೆ ಜಾಲಿ ಮುಳ್ಳು ಕಡಿದು ಹಾಕಿದ್ದರು. ಕೋಲಾರ ಜಿಲ್ಲೆಯಲ್ಲಿ ಆಗ ಒಂದೂ ಕೇಸ್ ಇರಲಿಲ್ಲ. ಬೆಂಗಳೂರಿಂದ ಬರುವವರೇ ತರುತ್ತಾರೆ ಅಂತ ಎಲ್ಲರಿಗೂ ಭಯ. ಇಲ್ಲಿ ಸೋಫಾ ಮೇಲೆ ಕೂತು ಆ ಫೋಟೋ ನೋಡಿ, "ಒಳ್ಳೇ ಕೆಲಸ ಮಾಡಿದ್ರಿ" ಅಂತ ಗ್ರೂಪಿಗೆ ಕಳಿಸಿದ್ದೆ. ಅದರ ಮರುದಿನವೇ ದೊಡ್ಡಪ್ಪನ ಮಗ, ಬೆಂಗಳೂರಲ್ಲಿ ಕ್ಯಾಬ್ ಓಡಿಸುವವನು, ಗಾಡಿ ನಿಲ್ಲಿಸಿ ಆ ಮುಳ್ಳಿನ ಆಚೆ ನಿಂತಿದ್ದ.

ಊರು ಏನು ಮಾಡಿತು? ಒಳಗೆ ಬಿಡಲಿಲ್ಲ. ವಾಪಸ್ಸೂ ಕಳಿಸಲಿಲ್ಲ. ಅರ್ಧ ಗಂಟೆ ಜೋರು ಜಗಳ ಆಯಿತಂತೆ. ಆಮೇಲೆ ಒಬ್ಬರು ಮುಳ್ಳನ್ನು ಕವೆಗೋಲಿನಿಂದ ಅಷ್ಟು ಪಕ್ಕಕ್ಕೆ ಸರಿಸಿ, ಅವನನ್ನು ನಮ್ಮ ತೋಟದ ಶೆಡ್ಡಿಗೆ ಕಳಿಸಿದರು. 14 ದಿನ ಅಲ್ಲೇ. ದೊಡ್ಡಮ್ಮ ದಿನಾ ಮಧ್ಯಾಹ್ನ ಕ್ಯಾರಿಯರ್‌ನಲ್ಲಿ ಮುದ್ದೆ, ಬಸ್ಸಾರು ತಂದು ಬದುವಿನ ಮೇಲಿಟ್ಟು, ಹತ್ತು ಮಾರು ಹಿಂದೆ ನಿಂತು ಅವನು ಉಣ್ಣುವುದನ್ನು ನೋಡಿ ಹೋಗುತ್ತಿದ್ದರು. ಎಲ್ಲ ಊರೂ ಹೀಗೆ ಇರಲಿಲ್ಲ ಬಿಡಿ. ಮುಳ್ಳು ಸರಿಸದೇ ಇದ್ದ ಊರುಗಳ ಕಥೆಯೂ ಕೇಳಿದ್ದೇನೆ.

ಮರುವರ್ಷ ನಾನು ಮುಳ್ಳಿನ ಆಚೆ ಇದ್ದಾಗ ನಮ್ಮ ಸಂಘದ ಗ್ರೂಪಿನಲ್ಲೇ ಒಬ್ಬರು, "ಇಂಥ ಟೈಮಲ್ಲಿ ಇಂಡಿಯಾಗೆ ಹೋಗಿ ಅಂತ ಯಾರು ಹೇಳಿದ್ದು?" ಅಂತ ಹಾಕಿದರು. ಹೆಸರು ಬೇಡ. ಅವರಿಗೆ ಕೋಪದಿಂದ ಉದ್ದ ಉತ್ತರ ಟೈಪ್ ಮಾಡಿದ್ದೆ. ನನ್ನ ಹಳೇ ಮೆಸೇಜು ನೆನಪಾಗಿ ಅಳಿಸಿದೆ.

ಮೇ 15ರ ಮೊದಲ ವಿಮಾನಕ್ಕೆ ದೆಹಲಿಗೆ ಬಂದಿದ್ದ ಸುಮಾರು 150 ಜನರಲ್ಲಿ, ಟೆಸ್ಟ್ ಪಾಸಿಟಿವ್ ಅಂತಲೋ ಅವರ ಜೊತೆಗಿದ್ದರು ಅಂತಲೋ, ಹತ್ತಿರ ಹತ್ತಿರ ಅರ್ಧ ಜನರನ್ನು ಹತ್ತಿಸಲಿಲ್ಲ. ನನಗೆ ಸೀಟು ಸಿಕ್ಕಿದ್ದು ಜುಲೈನಲ್ಲಿ. ಡಾರ್ವಿನ್ ಹತ್ತಿರ ಹೋವರ್ಡ್ ಸ್ಪ್ರಿಂಗ್ಸ್ ಕ್ವಾರಂಟೈನ್ ಕೇಂದ್ರದಲ್ಲಿ 14 ದಿನ ಇಟ್ಟರು. ತಗಡಿನ ಗೋಡೆಯ ಸಣ್ಣ ರೂಮು, ಮುಂದೆ ಒಂದಿಷ್ಟು ಜಗಲಿ. ಊಟದ ಪೊಟ್ಟಣ ಬಾಗಿಲ ಮುಂದಿಟ್ಟು, ತಟ್ಟಿ, ದೂರ ಸರಿದು ನಿಲ್ಲುತ್ತಿದ್ದರು. ಒಳ್ಳೆಯ ಜನ, ಕೈ ಬೀಸಿ ಹೋಗುತ್ತಿದ್ದರು. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ರೂಮು ತೋರಿಸಿದೆ. ಅವರ ಮಾತು ಇನ್ನೂ ತೊದಲುತ್ತಿತ್ತು. ಸ್ವಲ್ಪ ಹೊತ್ತು ನೋಡಿ, "ನಮ್ಮ ತೋಟದ ಶೆಡ್ಡು ಇದ್ದಂಗೈತೆ," ಅಂದರು.

ಶೆಡ್ಡೇ ಅಪ್ಪಾ, ಅಂದೆ. 2,500 ಡಾಲರ್ ಬಿಲ್ಲಿನ ವಿಷಯ ಹೇಳಲಿಲ್ಲ.