ಕಿವಿ ಪುಟ ಹಾರಿಸುವುದಿಲ್ಲ

ಪ್ರೀತಿಯ ಗೆಳತಿ,

ನಿನ್ನ ಮೇಲ್ ಬಂತು. ಹದಿಹರೆಯದವರ ಫ್ಯಾಂಟಸಿ ಕಾದಂಬರಿಯೊಂದನ್ನು ಆಡಿಯೋಬುಕ್‌ನಲ್ಲಿ ಕೇಳಿ ಮುಗಿಸಿದೆ, ತುಂಬಾ ಖುಷಿಯಾಯಿತು ಅಂತ ಬರೆದಿದ್ದೀಯ. ಕೊನೆಗೆ ಒಂದು ಅಳುಕಿನ ಸಾಲು: 'ಬರಹಗಾರ್ತಿ ಆಗಬೇಕು ಅನ್ನೋಳು ಓದದೆ ಬರೀ ಕೇಳಿದರೆ ನಡೆಯುತ್ತಾ?' ನಡೆಯುತ್ತೆ. ಕಥೆ ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆ ಚರ್ಚೆಗೆ ಇಷ್ಟು ಸಾಕು.

ನನಗೆ ಹೇಳಬೇಕು ಅನ್ನಿಸಿದ್ದು ಬೇರೆ. ಓದುವಾಗ ಕಣ್ಣು ಕಳ್ಳಾಟ ಆಡುತ್ತದೆ. ಯುದ್ಧದ ವರ್ಣನೆ ಉದ್ದವಾಯಿತಾ, ಅರ್ಧ ಪುಟ ಹಾರಿಸುತ್ತದೆ. ರಾಜವಂಶದ ಚರಿತ್ರೆ ಶುರುವಾಯಿತಾ, ಮೇಲಿಂದ ಕೆಳಕ್ಕೆ ಜಾರುತ್ತದೆ. ಕಿವಿಗೆ ಆ ಸೌಕರ್ಯ ಇಲ್ಲ. ಇಂಗ್ಲಿಷ್ ಆಡಿಯೋಬುಕ್‌ಗಳಲ್ಲಿ ಗಂಟೆಗೆ ಸುಮಾರು 9,000 ಪದ ಓದುತ್ತಾರೆ. 1,00,000 ಪದಗಳ ಕಾದಂಬರಿ ಅಂದರೆ ಹತ್ತಿರ ಹತ್ತಿರ 11 ಗಂಟೆ. ಅಷ್ಟು ಹೊತ್ತೂ ಬರೆದವರ ಒಂದೊಂದು ಪದವೂ ನಿನ್ನ ಕಿವಿಗೆ ಬೀಳುತ್ತಿರುತ್ತದೆ. ಮುಂದಕ್ಕೆ ಹಾರುವ ಬಟನ್ ಇದೆ, ನಿಜ. ಆದರೆ ಏನು ತಪ್ಪಿಹೋಗುತ್ತೋ ಅನ್ನುವ ಭಯಕ್ಕೆ ಅದನ್ನು ಒತ್ತೋಕೆ ಮನಸ್ಸು ಬರಲ್ಲ. ಹಾಗಾಗಿ ಎಲ್ಲಿ ನಿನ್ನ ಗಮನ ಬೇರೆಲ್ಲೋ ಹೋಯಿತೋ, ಅಲ್ಲಿ ಬರಹ ಸೊರಗಿದೆ ಅಂತ ಅನುಮಾನ ಪಡು. ನಿದ್ದೆಗೆಟ್ಟು ಕೇಳಿದ್ದರೆ ಮಾತ್ರ ಪಾಪ, ಲೇಖಕರನ್ನು ಬೈಯಬೇಡ.

ಈಗ ನೀನು ಕಳಿಸಿದ ನಿನ್ನ ಕಾದಂಬರಿಯ ಕರಡು ಪ್ರತಿಗೆ ಬರುತ್ತೇನೆ. ಮೂರನೇ ಅಧ್ಯಾಯದಲ್ಲಿ ವೀರಜ, ವಿರಾಜ ಇಬ್ಬರೂ ಸೇತುವೆ ಮೇಲೆ ಕತ್ತಿ ಹಿಡಿದು ನಿಂತಿದ್ದಾರೆ. ಪುಟದಲ್ಲಿ ತೊಂದರೆ ಇಲ್ಲ, ದೀರ್ಘ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ. ಅದನ್ನೇ ಗಟ್ಟಿಯಾಗಿ, ಕಾದಾಟದ ವೇಗದಲ್ಲಿ ಓದು: 'ವೀರಜ ಹಿಂದೆ ಸರಿದ. ವಿರಾಜ ನಕ್ಕ. ವೀರಜನ ಕತ್ತಿ ಜಾರಿತು.' ನಕ್ಕಿದ್ದು ಯಾರು, ಕತ್ತಿ ಬಿಟ್ಟಿದ್ದು ಯಾರು? ವಿರಾಜನ ಹೆಸರನ್ನು ಮಾಚ ಅಂತ ಮಾಡಿ ಇನ್ನೊಮ್ಮೆ ಓದು. 'ವೀರಜ ಹಿಂದೆ ಸರಿದ. ಮಾಚ ನಕ್ಕ.' ಈಗ ಇಬ್ಬರೂ ಬೇರೆ ಬೇರೆ ಕಾಣ್ತಾರೆ, ಅಲ್ವಾ?

ಫ್ಯಾಂಟಸಿಯಲ್ಲಿ ಈ ಕಾಟ ಜಾಸ್ತಿ. ಊರು, ಕುಲ, ಪ್ರಾಣಿ ಎಲ್ಲದರ ಹೆಸರೂ ಹೊಸದು. ಕೇಳುವವರಿಗೆ ಕಾಗುಣಿತ ಗೊತ್ತಿಲ್ಲ, ಹಿಂದಿನ ಪುಟ ತಿರುವಿ ನೋಡುವ ಹಾಗಿಲ್ಲ. ಪುಸ್ತಕದ ಮೊದಲಿಗೆ ಇರುವ ನಕ್ಷೆಯೂ ಎದುರಿಗಿಲ್ಲ. ಕೋಟೆಯಿಂದ ಬಂದರಿಗೆ ಎಷ್ಟು ದೂರ ಅನ್ನುವುದನ್ನು ನಿನ್ನ ಪಾತ್ರವೊಂದು ನಡೆದು, ಕಾಲು ಬೊಬ್ಬೆ ಬರಿಸಿಕೊಂಡು ತಿಳಿಸಬೇಕು.

ಈಗಿನ ಇಂಥ ಕಾದಂಬರಿಗಳಲ್ಲಿ ಇಬ್ಬರು ಮೂವರು ಸರದಿ ಮೇಲೆ 'ನಾನು' ಅಂತ ಕಥೆ ಹೇಳುವುದು ಸಾಮಾನ್ಯ. ನಿನ್ನದೂ ಹಾಗೇ ಇದೆ. ಟೋಮಿ ಅಡೆಯೆಮಿ ಅವರ 'ಚಿಲ್ಡ್ರನ್ ಆಫ್ ಬ್ಲಡ್ ಅಂಡ್ ಬೋನ್' (2018) ಸಿಕ್ಕರೆ ಕೇಳು. ಅಲ್ಲಿ ಮೀನುಗಾರನ ಮಗಳು ಜೇಲಿ, ಅರಮನೆ ಬಿಟ್ಟು ಓಡಿದ ರಾಜಕುಮಾರಿ ಅಮಾರಿ, ಅವಳ ಅಣ್ಣ ಇನಾನ್ ಮೂವರೂ ಕಥೆ ಹೇಳುತ್ತಾರೆ. ಮೂವರನ್ನೂ ಓದಿದ್ದು ಬಾಹ್ನಿ ಟರ್ಪಿನ್ ಒಬ್ಬರೇ. 2019ರಲ್ಲಿ ಅಮೆರಿಕದ ಆಡೀ ಪ್ರಶಸ್ತಿಗಳಲ್ಲಿ ಅದು ವರ್ಷದ ಆಡಿಯೋಬುಕ್ ಆಯಿತು. ಅದರಲ್ಲಿ ಮಂತ್ರಗಳು ಪಶ್ಚಿಮ ಆಫ್ರಿಕಾದ ಯೊರುಬಾ ಭಾಷೆಯಲ್ಲಿವೆ. ಪುಟದಲ್ಲಾದರೆ ಅಂಥ ಸಾಲುಗಳನ್ನು ಕಣ್ಣು ಸುಮ್ನೆ ದಾಟಿ ಹೋಗುತ್ತದೆ, ಅರ್ಥ ಗೊತ್ತಿಲ್ಲವಲ್ಲ. ಕೇಳುವಾಗ ಅರ್ಥ ಆಮೇಲೆ, ಮೊದಲು ದನಿ ಬಂದು ತಾಗುತ್ತದೆ. ನಿನ್ನ ಕರಡಿನಲ್ಲಿ 'ಅವಳು ಪುರಾತನ ಮಂತ್ರವೊಂದನ್ನು ಹೇಳಿದಳು' ಅಂತ ಮಾತ್ರ ಇದೆ. ಯಾವ ಮಂತ್ರ? ನನಗೆ ಕೇಳಿಸು.

'ನಾನು' ವಿಷಯಕ್ಕೆ ಇನ್ನೊಂದು ಮಾತು. ಅಧ್ಯಾಯದ ಶುರುವಿನಲ್ಲಿ ಪಾತ್ರದ ಹೆಸರು ಒಂದು ಸಲ ಕೇಳಿಸುತ್ತದೆ, ಅಷ್ಟೇ. ಕೇಳುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿ ಮರುದಿನ ಮತ್ತೆ ಹಾಕುತ್ತಾರೆ. ಈಗ ಮಾತಾಡುತ್ತಿರುವ 'ನಾನು' ಯಾರು? ಒಳ್ಳೆಯ ನಿರೂಪಕರು ದನಿ ಬದಲಿಸಿ ಸ್ವಲ್ಪ ಕಾಪಾಡುತ್ತಾರೆ. ಉಳಿದದ್ದು ನಿನ್ನ ಕೆಲಸ. ಕಳ್ಳತನ ಮಾಡಿ ಬೆಳೆದ ಹುಡುಗಿ ಕೋಣೆಗೆ ಕಾಲಿಟ್ಟರೆ ಕಿಟಕಿ ಎಲ್ಲಿದೆ ಅಂತ ನೋಡುತ್ತಾಳೆ. ಯುವರಾಜನಾದರೆ ತನ್ನನ್ನು ಕಂಡೂ ಯಾರು ಎದ್ದು ನಿಲ್ಲಲಿಲ್ಲ ಅಂತ ನೋಡುತ್ತಾನೆ. ಹಾಗೆ ನೋಡಿದ ಒಂದು ಸಾಲು ಬಂದರೆ ಹೆಸರೇ ಬೇಕಾಗುವುದಿಲ್ಲ. ನಿನ್ನ ಮೂವರೂ ಸದ್ಯಕ್ಕೆ ಒಂದೇ ಕಣ್ಣಲ್ಲಿ ನೋಡುತ್ತಿದ್ದಾರೆ. ಮೂವರಿಗೂ ಮೊದಲು ಕಾಣುವುದು ಚಂದ್ರ!

ಒಂದೂವರೆ ಪಟ್ಟು ವೇಗದಲ್ಲಿ ಕೇಳಿದೆ ಅಂದೆಯಲ್ಲ, ಅದು ಮಾತ್ರ ನನಗೆ ಹಿಡಿಸಲಿಲ್ಲ. 'ಬಾಗಿಲು ತೆರೆಯಿತು. ಒಳಗೆ ಯಾರೂ ಇರಲಿಲ್ಲ.' ಈ ಎರಡು ವಾಕ್ಯಗಳ ನಡುವೆ ನಿರೂಪಕಿ ಒಂದು ಕ್ಷಣ ಉಸಿರು ಹಿಡಿದಿರುತ್ತಾಳೆ. ಹೆದರಿಕೆ ಆಗುವುದು ಅಲ್ಲೇ. ವೇಗ ಹೆಚ್ಚಿಸಿದರೆ ಆ ಕ್ಷಣವೇ ಕರಗಿಹೋಗುತ್ತೆ. ಮಾಹಿತಿಯ ಪುಸ್ತಕಕ್ಕೆ ಬೇಕಾದರೆ ಓಡಿಸಿಕೋ.

ಇಷ್ಟೆಲ್ಲ ಹೇಳಿದೆ ಅಂತ ಮುಂದಿನ ಪುಸ್ತಕವನ್ನು ನೋಟ್‌ಬುಕ್ ಹಿಡಿದು ಕೇಳಲು ಕೂರಬೇಡ. ಮೊದಲ ಸಲ ಆರಾಮಾಗಿ ಕೇಳು. ಮಾಡುತ್ತಿದ್ದ ಕೆಲಸ ಮರೆತು ನಿಂತುಬಿಟ್ಟ ಜಾಗ ಒಂದು ಇದ್ದೇ ಇರುತ್ತೆ. ಎರಡನೇ ಸಲ ಅಲ್ಲಿಗೆ ಹೋಗು. ಅದಕ್ಕಿಂತ ಹತ್ತು ನಿಮಿಷ ಹಿಂದಿನಿಂದ ಕೇಳು. ನಿನ್ನನ್ನು ಅಲ್ಲಾಡಿಸಿದ ಮಾತಿನ ತಯಾರಿ ಸಾಮಾನ್ಯವಾಗಿ ಅಲ್ಲೇ ಎಲ್ಲೋ, ಯಾವುದೋ ತಮಾಷೆಯಲ್ಲೋ ಸಣ್ಣ ಸುಳ್ಳಿನಲ್ಲೋ ಅಡಗಿರುತ್ತದೆ.

ಮೂರನೇ ಅಧ್ಯಾಯ ತಿದ್ದಿದ ಮೇಲೆ ಪಿಡಿಎಫ್ ಕಳಿಸಬೇಡ. ಫೋನಿನಲ್ಲಿ ಓದಿ, ರೆಕಾರ್ಡ್ ಮಾಡಿ ಕಳಿಸು. ತಡವರಿಸಿದರೆ ಅಳಿಸಿ ಮತ್ತೆ ಓದೋಕೆ ಹೋಗಬೇಡ. ನಾಲಿಗೆ ಎಲ್ಲಿ ಎಡವುತ್ತೆ ಅಂತ ನನಗೂ ಗೊತ್ತಾಗಬೇಕು. ಮಂತ್ರ ಮರೆಯಬೇಡ.

ಇಂತಿ,
ನಿನ್ನ ಹಿರಿಯ ಗೆಳೆಯ