ಅಪ್ಪನ ಕಡತ ಹುಡುಕಲು ಹೊರಟವಳಿಗೆ

ಪ್ರೀತಿಯ ತಂಗೀ,

ನಿಮ್ಮ ಅಪ್ಪ ತೀರಿಕೊಂಡ ಮೇಲೆ ಅವರ ಬಗ್ಗೆ ಬರೆಯಬೇಕು ಅನ್ನಿಸಿದೆ, ಆದರೆ ಮನೆಯಲ್ಲಿ ಕಾಗದವೇ ಇಲ್ಲ ಎಂದು ಬರೆದಿದ್ದೀರಿ. ಸಾಗರದ ಕಡೆ ಒಡೆಯರ ಜಮೀನು ಉಳುತ್ತಿದ್ದ ಗೇಣಿದಾರರ ಮನೆಗಳಲ್ಲಿ ಕಾಗದ ಇರುತ್ತಿದ್ದುದೇ ಕಡಿಮೆ. ಗೇಣಿ ಬಹುಪಾಲು ಬಾಯಿಮಾತಿನದ್ದು. ಅದಕ್ಕೇ ಹುಡುಕಾಟ ಬೇರೆ ಕಡೆಯಿಂದ ಶುರುವಾಗಬೇಕು.

ಶಾಲೆಯ ದಾಖಲಾತಿ ಪುಸ್ತಕ ಮೊದಲು ಸಿಗುತ್ತದೆ. ಅಲ್ಲಿ ಜೂನ್ 1 ಎಂದು ಹುಟ್ಟಿದ ದಿನ ಇದ್ದರೆ ನಂಬಬೇಡಿ. ಮೇಷ್ಟ್ರು ಅಂದಾಜಿನಲ್ಲಿ ಬರೆದ ತಾರೀಖು ಅದು. ನಿಮ್ಮ ಅಜ್ಜಿ ಆರಿದ್ರಾ ಮಳೆಯಲ್ಲಿ ಹುಟ್ಟಿದ ಅಂದಿದ್ದರಲ್ವಾ? ಅಂದರೆ ಜೂನ್ ಕೊನೆ, ಜುಲೈ ಮೊದಲ ವಾರ. ವರ್ಷ ಮಾತ್ರ ಪುಸ್ತಕದಿಂದಲೇ ಬರಬೇಕು. ಎರಡನ್ನೂ ಬರೆಯಿರಿ. ಒಂದನ್ನು ಗೆಲ್ಲಿಸುವ ಅಗತ್ಯವಿಲ್ಲ.

ಇನ್ನು ನಿಜವಾದ ಗಣಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿದೆ. ಜಮೀನು ಯಾರದ್ದು, ಉಳುವವರು ಯಾರು ಎಂದು ವರ್ಷವರ್ಷ ಬರೆದಿಟ್ಟ ಹಳೇ ಕೈಬರಹದ ಪಹಣಿ ಕೇಳಿ. ಎಲ್ಲರೂ 9ನೇ ಕಲಂ ನೋಡಿ ಬರುತ್ತಾರೆ, ಅಲ್ಲಿ ಒಡೆಯರ ಹೆಸರಿರುತ್ತದೆ. ನೀವು 12ನೇ ಕಲಂ ನೋಡಿ. ಉಳುವವನ ಹೆಸರು, ಬೆಳೆ ಅಲ್ಲಿರುತ್ತವೆ. ಒಂದು ವರ್ಷ ಹೆಸರಿದ್ದು ಮುಂದಿನ ವರ್ಷ ಇಲ್ಲದಿದ್ದರೆ ಅಲ್ಲೇ ನಿಲ್ಲಿ. ಗೇಣಿದಾರನ ಹೆಸರು ಆ ಕಲಮಿನಿಂದ ಬಿದ್ದುಹೋಗುವುದು ಸುಮ್ನೆ ಆಗುವ ಸಂಗತಿ ಅಲ್ಲ.

ಆಮೇಲೆ ಭೂ ನ್ಯಾಯಮಂಡಳಿಯ ಕಡತ. ಭೂ ಸುಧಾರಣೆ ಕಾನೂನಿನಿಂದ 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ತಾವು ಉಳುತ್ತಿದ್ದ ಜಮೀನಿನ ಒಡೆತನ ಕೇಳಿ ಗೇಣಿದಾರರು ಈ ಮಂಡಳಿಗೆ ನಮೂನೆ 7ರಲ್ಲಿ ಅರ್ಜಿ ಹಾಕಿದರು. ನಮ್ಮ ಕಡೆ ಇವತ್ತಿಗೂ ಅದನ್ನು ಡಿಕ್ಲರೇಶನ್ ಅನ್ನುತ್ತಾರೆ. ಅಪ್ಪನೇ ಅರ್ಜಿದಾರರಾಗಿದ್ದರೆ ಅವರ ಹೇಳಿಕೆ, ಸಹಿ, ಒಡೆಯರ ಹೇಳಿಕೆ, ಸಾಕ್ಷಿಗಳ ಮಾತು ಆ ಕಡತದಲ್ಲಿ ಇರಬಹುದು.

ನನ್ನ ಮುಖ್ಯ ಮಾತು ಇಲ್ಲಿದೆ. ಆ ಹೇಳಿಕೆ ಕೈಗೆ ಬಂದಾಗ ನಿಮ್ಮ ಕಣ್ಣು ತುಂಬುತ್ತದೆ, ಅಪ್ಪ ಮಾತಾಡಿದಂತೆ ಅನ್ನಿಸುತ್ತದೆ. ತಕ್ಷಣ ಅದನ್ನು ಕಥೆಯೊಳಗೆ ಹಾಕಬೇಡಿ. ಅದರ ಭಾಷೆ ಗುಮಾಸ್ತರದ್ದು. 'ಸದರಿ ಜಮೀನು' ಎಂದು ನಿಮ್ಮ ಅಪ್ಪ ಮನೆಯಲ್ಲಿ ಯಾವತ್ತಾದರೂ ಅಂದಿದ್ದರೇ? ಅದೇ ಊರಿನ ಬೇರೆ ಅರ್ಜಿದಾರರ ಕಡತಗಳನ್ನೂ ಕೇಳಿ ಓದಿ. ಸಾಲಿಗೆ ಸಾಲು ಒಂದೇ ಥರ ಇರುತ್ತದೆ. ಅಚ್ಚು ಯಾವುದು ಎಂದು ಗೊತ್ತಾದ ಮೇಲೆ ಅಚ್ಚಿಗೆ ಕೂರದ ಮಾತು ಕಣ್ಣಿಗೆ ಬೀಳುತ್ತದೆ. ಒಂದು ಹಲಸಿನ ಮರದ ವಿಷಯ, ಯಾರೋ ತೋಡಿದ ಗಡಿಯ ಅಗಳು, ಕೇಳದಿದ್ದರೂ ಹೇಳಿದ ಒಂದು ಸಂಗತಿ. ಅದು ನಿಮ್ಮ ಅಪ್ಪನದ್ದು. ಇಡೀ ಕಡತದಲ್ಲಿ ಅಂಥ ಸಾಲು ಒಂದೇ ಸಿಕ್ಕರೂ ನನಗೆ ಅದು ಸಾಕು.

ಪತ್ರಿಕೆಗಳನ್ನೂ ಹೀಗೇ ಓದಿ. 1951ರಲ್ಲಿ ಸಾಗರ ತಾಲ್ಲೂಕಿನ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹದ ಹೊತ್ತಿಗೆ ಅಪ್ಪ ಚಿಕ್ಕ ಹುಡುಗ. ಗೇಣಿಯ ಭತ್ತ ಅಳೆಯುವ ಪಾತ್ರೆ, ಕೊಳಗದ ತಕರಾರು ದೊಡ್ಡದಾಗಿ, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನವಾದಾಗ ಅದು ದೇಶದ ಸುದ್ದಿಯಾಯಿತು. ಸುದ್ದಿಯಲ್ಲಿ ನಾಯಕರ ಹೆಸರಿರುತ್ತದೆ, ನಿಮ್ಮವರ ಹೆಸರು ಹುಡುಕಿದರೆ ಸಿಗದು. ಹೆಸರು ಬಿಟ್ಟು ಇಡೀ ಪುಟ ಓದಿ. ಅಡಿಕೆ ಧಾರಣೆ, ಮಳೆ ವರದಿ, ಬಸ್ಸಿನ ಜಾಹೀರಾತು. ರೂಪಾಯಿ, ಆಣೆ, ಪೈ ಲೆಕ್ಕ ಅದು. ದಶಮಾಂಶದ ಪೈಸೆ ಬಂದದ್ದು 1957ರಲ್ಲಿ. ಅವತ್ತು ಮನೆಯಲ್ಲಿ ಏನು ಕೊಳ್ಳಲು ಆಗುತ್ತಿತ್ತು, ಏನು ಆಗುತ್ತಿರಲಿಲ್ಲ ಎಂಬುದು ಆ ಸಣ್ಣ ಅಕ್ಷರಗಳಲ್ಲಿದೆ.

ಇನ್ನೊಂದು ಕಷ್ಟದ ಕೆಲಸ ಹೇಳುತ್ತೇನೆ. ಒಡೆಯರ ಮನೆಗೂ ಹೋಗಿ. ಗೇಣಿಯ ಲೆಕ್ಕದ ಪುಸ್ತಕ ಬರೆದಿಟ್ಟವರು ಅವರು. ನಿಮ್ಮ ಅಜ್ಜ ಎಷ್ಟು ಕೊಳಗ ಭತ್ತ ಅಳೆದರು, ಯಾವ ವರ್ಷ ಬಾಕಿ ಉಳಿಯಿತು ಎಂಬುದು ಆ ಅಟ್ಟದಲ್ಲಿ ಇರಬಹುದು. ಮೊಮ್ಮಕ್ಕಳು ಹಿಂಜರಿಯಬಹುದು, ಅವರ ಮನೆಯಲ್ಲೂ 1974 ಒಂದು ಗಾಯ. ಜಗಳಕ್ಕೆ ಹೋದವರ ಹಾಗೆ ಕೇಳಬೇಡಿ. ಅವರು ಹೇಳಿದ್ದನ್ನೂ ಅವರ ಮಾತಿನಲ್ಲೇ ಬರೆದುಕೊಳ್ಳಿ. ನಿಮ್ಮ ಅಪ್ಪನ ಬಗ್ಗೆ ನಿಮಗೆ ಹಿಡಿಸದ ಮಾತು ಅಲ್ಲಿ ಬಂದರೆ ಅದನ್ನು ಬಿಡಬೇಡಿ.

ಮಳೆ ಹಿಡಿಯುವ ಮೊದಲೇ ನಕಲಿಗೆ ಅರ್ಜಿ ಕೊಡಿ. ತೇವಕ್ಕೆ ಅಂಟಿಕೊಂಡ ಹಾಳೆ ಬಿಡಿಸಲು ಹೋದರೆ ಹರಿಯುತ್ತದೆ. ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಊರಿನ ಹಿರಿಯರನ್ನು ಕೇಳಿ, ಗದ್ದೆಯ ಹೆಸರು ಹೇಳಿದರೆ ಅವರು ನಂಬರ್ ಹೇಳುತ್ತಾರೆ. ಪಹಣಿ ಸಿಕ್ಕಿದ ಕೂಡಲೇ ನನಗೊಂದು ಪ್ರತಿ ಕಳಿಸಿ, ಕೈಬರಹ ಓದಲು ಕಷ್ಟವಾದರೆ ಒಟ್ಟಿಗೆ ಕೂತು ಓದೋಣ.

ನಿಮ್ಮ
ಅಕ್ಕ