ಪ್ರವಾಸದ ಲೆಕ್ಕ ಚಾಲಕನ ನಿದ್ದೆಯಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

ದಸರಾ ರಜೆ ಹತ್ತಿರವಾಗುತ್ತಿದೆ. ಇನ್ನು ಕೆಲವೇ ದಿನಗಳಲ್ಲಿ ಊರಿಗೆ, ದೇವಸ್ಥಾನಗಳಿಗೆ, ನೆಂಟರ ಮನೆಗಳಿಗೆ ಹೊರಟ ಕುಟುಂಬಗಳ ಕಾರುಗಳೂ ಬಾಡಿಗೆಯ ಟೆಂಪೊ ಟ್ರಾವೆಲರ್‌ಗಳೂ ನೆಲಮಂಗಲದ ದಾರಿಯಲ್ಲಿ ಸಾಲುಗಟ್ಟಲಿವೆ. ನಾನು ಕುಂದಾಪುರ ತಾಲ್ಲೂಕಿನವಳು. ಮದುವೆಯಾಗಿ ಬೆಂಗಳೂರಿಗೆ ಬಂದಂದಿನಿಂದ ವರ್ಷಕ್ಕೆ ಎರಡು ಸಲವಾದರೂ ಘಟ್ಟ ಇಳಿದು ತವರಿಗೆ ಹೋಗಿಬರುತ್ತಿದ್ದೇನೆ. ಈ ಓಡಾಟದಲ್ಲಿ ನಾವು ಮಾಡಿದ ಎರಡು ತಪ್ಪುಗಳನ್ನು ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ. ರಜೆಗೆ ಹೊರಡಲಿರುವ ಕುಟುಂಬಗಳಾದರೂ ಅವನ್ನು ಮಾಡದಿರಲಿ ಎಂಬುದು ನನ್ನ ಆಸೆ.

ಮೊದಲನೆಯದು ರಾತ್ರಿ ಪ್ರಯಾಣ. ಶುಕ್ರವಾರ ಕಚೇರಿ ಮುಗಿಸಿ, ಮನೆಗೆ ಬಂದು ಊಟ ಮಾಡಿ, 11 ಗಂಟೆಗೆ ಹೊರಟರೆ ನಗರದ ಟ್ರಾಫಿಕ್ ಇರುವುದಿಲ್ಲ, ಮಕ್ಕಳು ಮಲಗಿರುತ್ತಾರೆ, ಬೆಳಗಿನ ತಿಂಡಿಗೆ ಊರಲ್ಲಿರಬಹುದು ಎಂದು ನಾವು ಹಲವು ವರ್ಷ ಹಾಗೆಯೇ ಹೋದೆವು. ಒಮ್ಮೆ ಹಾಸನ ಇನ್ನೂ ಮುಂದಿರುವಾಗ, ನಸುಕಿನ ಮೂರು ಗಂಟೆಯ ಸುಮಾರಿಗೆ, ನಮ್ಮ ಕಾರು ನಿಧಾನವಾಗಿ ಬಲಕ್ಕೆ ವಾಲುತ್ತಾ ರಸ್ತೆ ವಿಭಜಕದ ಅಂಚಿಗೆ ಬಂತು. ಹಿಂದೆ ಕೂತಿದ್ದ ಅತ್ತೆಯವರಿಗೆ ಎಚ್ಚರವಿತ್ತು. ಅವರು ಕೂಗದೇ ಹೋಗಿದ್ದರೆ ಈ ಪತ್ರ ಬರೆಯಲು ನಾನಿರುತ್ತಿರಲಿಲ್ಲ. ಕಾರು ಓಡಿಸುತ್ತಿದ್ದ ನನ್ನ ಪತಿ, ತಾವು ನಿದ್ದೆ ಮಾಡಿರಲಿಲ್ಲ, ಕಣ್ಣು ತೆರೆದೇ ಇತ್ತು ಎಂದರು. ಅವರು ಸುಳ್ಳು ಹೇಳಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಬಳಲಿದ ಮೆದುಳು ಮೂರು ನಾಲ್ಕು ಸೆಕೆಂಡುಗಳಷ್ಟು ಕಾಲ ತಾನಾಗಿಯೇ ಮಂಕಾಗುವುದುಂಟು, ಹಾಗಾದದ್ದು ಆ ವ್ಯಕ್ತಿಗೇ ಗೊತ್ತಾಗುವುದಿಲ್ಲ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ 25 ಮೀಟರ್ ಸಾಗುತ್ತದೆ. ನಾಲ್ಕು ಸೆಕೆಂಡಿಗೆ 100 ಮೀಟರ್. ಅಷ್ಟು ದೂರ ನಮ್ಮ ಕಾರನ್ನು ಓಡಿಸುವವರೇ ಇರಲಿಲ್ಲ.

ಮನುಷ್ಯನ ದೇಹಕ್ಕೆ ದಿನದಲ್ಲಿ ಎರಡು ಹೊತ್ತು ಜೊಂಪು ಸಹಜ. ಬೆಳಗಿನ ಜಾವ ಎರಡರಿಂದ ಆರರವರೆಗಿನ ಹೊತ್ತು ತೀವ್ರವಾದದ್ದು, ಮಧ್ಯಾಹ್ನದ ಊಟದ ನಂತರದ್ದು ತುಸು ಹಗುರ. ಹಗಲೆಲ್ಲ ದುಡಿದವರು ಮೊದಲನೆಯ ಹೊತ್ತಿನಲ್ಲಿ ಚಕ್ರ ಹಿಡಿದು ಕೂತರೆ ಅವರ ಅನುಭವವಾಗಲಿ, ಜಾಣ್ಮೆಯಾಗಲಿ ಕಾಯುವುದಿಲ್ಲ. ಕಿಟಕಿ ಇಳಿಸುವುದು, ಜೋರಾಗಿ ಹಾಡು ಹಾಕುವುದು, ಮುಖಕ್ಕೆ ನೀರೆರಚಿಕೊಳ್ಳುವುದು ಇವೆಲ್ಲ ಕೆಲವು ನಿಮಿಷಗಳ ಮಾತು. ಕಾಫಿ ಕುಡಿದರೂ ಅದರ ಪರಿಣಾಮ ಕಾಣಲು ಸುಮಾರು ಅರ್ಧ ಗಂಟೆ ಬೇಕು. ಜೊಂಪು ಹತ್ತಿದ ಮೇಲೆ ಇರುವ ಉಪಾಯವೆಂದರೆ ಬೆಳಕಿರುವ, ಜನರಿರುವ ಕಡೆ ಗಾಡಿ ನಿಲ್ಲಿಸಿ ಹದಿನೈದು ಇಪ್ಪತ್ತು ನಿಮಿಷ ಮಲಗುವುದು. ಅದು ಕೂಡ ತಾತ್ಕಾಲಿಕವೇ, ಒಂದು ರಾತ್ರಿಯ ನಿದ್ದೆಗೆ ಸಮವಲ್ಲ.

ಎರಡನೆಯ ತಪ್ಪು ಇದಕ್ಕಿಂತ ಹೆಚ್ಚು ನನ್ನನ್ನು ಕಾಡುತ್ತದೆ. ಅತ್ತೆಯವರ ಹರಕೆಗೆಂದು ಧರ್ಮಸ್ಥಳ, ಕುಕ್ಕೆ, ಕೊಲ್ಲೂರಿಗೆ ಹದಿಮೂರು ಜನ ಬಾಡಿಗೆ ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೋಗಿದ್ದೆವು. ಎರಡನೆಯ ದಿನ ಮಧ್ಯಾಹ್ನ ಚಾಲಕ ಹುಡುಗನ ಕಣ್ಣು ಕೆಂಡದಂತಾದದ್ದನ್ನು ಕಂಡು ವಿಚಾರಿಸಿದಾಗ ತಿಳಿದದ್ದೇನೆಂದರೆ, ನಮ್ಮನ್ನು ಹತ್ತಿಸಿಕೊಂಡ ದಿನ ಬೆಳಿಗ್ಗೆಯಷ್ಟೇ ಅವನು ತಿರುಪತಿಯಿಂದ ಮರಳಿದ್ದ. ನಾಲ್ಕು ರಾತ್ರಿಗಳಿಂದ ಅವನ ಬೆನ್ನು ಹಾಸಿಗೆ ಕಂಡಿರಲಿಲ್ಲ. ನಾವೆಲ್ಲ ವಸತಿಗೃಹದ ಕೋಣೆಗಳಲ್ಲಿ ಮಲಗಿದ್ದ ರಾತ್ರಿ ಅವನು ಸೊಳ್ಳೆಗಳ ನಡುವೆ ಗಾಡಿಯ ಸೀಟಿನ ಮೇಲೆಯೇ ಮುದುಡಿಕೊಂಡಿದ್ದ. ನಮ್ಮಲ್ಲಿ ಹದಿಮೂರು ಜನರಿದ್ದೂ ಒಬ್ಬರಾದರೂ ‘ನೀನೆಲ್ಲಿ ಮಲಗುತ್ತೀಯಪ್ಪಾ’ ಎಂದು ಕೇಳಿರಲಿಲ್ಲ. ಆ ಹುಡುಗನ ಕೈಯಲ್ಲಿ ನಮ್ಮ ಮಕ್ಕಳ ಪ್ರಾಣವಿತ್ತು. ಅಂದು ಮುಂದಿನ ಪ್ರಯಾಣ ನಿಲ್ಲಿಸಿ, ನಮ್ಮ ತವರಿನ ಮನೆಯಲ್ಲಿ ಅವನಿಗೆ ಊಟ ಹಾಕಿ, ಮಹಡಿಯ ಕೋಣೆಯಲ್ಲಿ ಮಲಗಿಸಿದೆವು. ಮರುದಿನ ಬೆಳಗಿನವರೆಗೂ ಅವನು ಮಗ್ಗಲು ಬದಲಿಸದೆ ಮಲಗಿದ್ದನ್ನು ನೋಡಿ ನನ್ನ ತಾಯಿ ಕಣ್ಣೀರು ಹಾಕಿದರು.

ಇದರಲ್ಲಿ ವಾಹನದ ಮಾಲೀಕರ ಪಾಲಷ್ಟೇ ಅಲ್ಲ, ಬಾಡಿಗೆಗೆ ಹಿಡಿಯುವ ನಮ್ಮ ಪಾಲೂ ಇದೆ. ಬಾಡಿಗೆಯನ್ನು ಸಾಮಾನ್ಯವಾಗಿ ಮಧ್ಯರಾತ್ರಿ 12ರಿಂದ 12ಕ್ಕೆ ಒಂದು ದಿನವೆಂದೂ, ದಿನಕ್ಕೆ ಇಂತಿಷ್ಟು ಕನಿಷ್ಠ ಕಿಲೋಮೀಟರ್ ಎಂದೂ ಲೆಕ್ಕ ಹಾಕುವ ಪದ್ಧತಿಯಿದೆ. ಆದ್ದರಿಂದ ಒಂದು ದಿನದ ಬಾಡಿಗೆ ಉಳಿಸಲು ಮೂರು ದಿನದ ಕ್ಷೇತ್ರದರ್ಶನವನ್ನು ಎರಡು ದಿನಕ್ಕೆ ಹಿಂಡುತ್ತೇವೆ, ರಾತ್ರಿ 12ರೊಳಗೆ ಮನೆ ಸೇರಿಸೆಂದು ಒತ್ತಾಯಿಸುತ್ತೇವೆ. ಚಾಲಕನ ಕೈಗೆ ಬಾಟಾ (ದಿನಭತ್ಯೆ) ಕೊಟ್ಟರೆ ನಮ್ಮ ಕರ್ತವ್ಯ ತೀರಿತೆಂದುಕೊಳ್ಳುತ್ತೇವೆ. 1961ರಷ್ಟು ಹಿಂದೆಯೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನೂ, ಸತತ 5 ಗಂಟೆ ದುಡಿದ ಮೇಲೆ ಅರ್ಧ ಗಂಟೆಯಾದರೂ ವಿರಾಮವಿರಬೇಕೆಂಬ ಕಟ್ಟಳೆಯನ್ನೂ ಹಾಕಿತ್ತು. ಅಷ್ಟು ಹಳೆಯ ತಿಳಿವಳಿಕೆ ನಮ್ಮ ಪ್ರವಾಸಗಳೊಳಕ್ಕೆ ಇನ್ನೂ ಇಳಿದಿಲ್ಲ. ಈಗ ನಾವು ವಾಹನ ಗೊತ್ತುಮಾಡುವಾಗ ಚಾಲಕ ಹಿಂದಿನ ಬಾಡಿಗೆ ಮುಗಿಸಿ ಯಾವಾಗ ಮನೆಗೆ ಬಂದ ಎಂದು ಮೊದಲು ಕೇಳುತ್ತೇವೆ. ರಾತ್ರಿ ಅವನಿಗೊಂದು ಹಾಸಿಗೆ ಸಿಗುವ ಕಡೆಯಲ್ಲಿ ಮಾತ್ರ ತಂಗುತ್ತೇವೆ. ಆ ಖರ್ಚು ಹದಿಮೂರು ಜನರಲ್ಲಿ ಹಂಚಿದರೆ ತಲೆಗೆ ಒಂದು ಊಟದಷ್ಟೂ ಆಗುವುದಿಲ್ಲ.

ನೆರೆಯ ತಮಿಳುನಾಡು 2023ರಲ್ಲಿ ತನ್ನ ಕಟ್ಟಡ ನಿಯಮಗಳಿಗೆ ತಿದ್ದುಪಡಿ ತಂದು, ಹೋಟೆಲುಗಳು ಅತಿಥಿಗಳ ಚಾಲಕರಿಗೆ ಮಲಗುವ ಮತ್ತು ಶೌಚದ ವ್ಯವಸ್ಥೆ ಮಾಡಬೇಕೆಂದು ವಿಧಿಸಿತು. ಕರ್ನಾಟಕದಲ್ಲಿ ಧರ್ಮಸ್ಥಳ, ಉಡುಪಿ, ಶೃಂಗೇರಿ, ಹೊರನಾಡು, ಗೋಕರ್ಣಗಳಂಥ ಊರುಗಳಿಗೆ ಪ್ರತಿನಿತ್ಯ ಬಾಡಿಗೆ ವಾಹನಗಳು ಬರುತ್ತಿರುವಾಗ ನಮ್ಮ ಸರ್ಕಾರವೂ ಅಂಥ ನಿಯಮ ತರುವುದು ಅಗತ್ಯ. ಮುಜರಾಯಿ ಇಲಾಖೆಯ ಯಾತ್ರಿನಿವಾಸಗಳಲ್ಲಿ ಪ್ರತಿ ಊರಿನಲ್ಲೂ ಹತ್ತಿಪ್ಪತ್ತು ಮಂಚಗಳ ಒಂದು ದೊಡ್ಡ ಕೋಣೆಯನ್ನು ಚಾಲಕರಿಗಾಗಿ ಮೀಸಲಿಟ್ಟರೆ ಕೆಲಸ ಅಲ್ಲಿಂದಲೇ ಆರಂಭವಾಗಬಹುದು.

ಸ್ವಂತ ಕಾರಿನಲ್ಲಿ ನಾವೀಗ ಊರಿಗೆ ಹೋಗುವ ಕ್ರಮವೇ ಬೇರೆ. ಹೊರಡುವ ಹಿಂದಿನ ರಾತ್ರಿ ನನ್ನ ಪತಿ ಒಂಬತ್ತೂವರೆಗೆ ಮಲಗುತ್ತಾರೆ. ಸಾಮಾನು ತುಂಬುವುದು, ಬುತ್ತಿ ಕಟ್ಟುವುದು ನಮ್ಮೆಲ್ಲರ ಕೆಲಸ, ಅವರದ್ದಲ್ಲ. ಬೆಳಿಗ್ಗೆ ಐದೂವರೆಗೆ ಹೊರಟು, ತಿಪಟೂರಿನ ಹತ್ತಿರ ತಿಂಡಿ ತಿಂದು, ಅರಸೀಕೆರೆ, ಕಡೂರು, ತರೀಕೆರೆಯ ಮೇಲೆ ಮಧ್ಯಾಹ್ನದ ಊಟಕ್ಕೆ ಶಿವಮೊಗ್ಗ ಸೇರುತ್ತೇವೆ. ನಡುವೆ ಎರಡೆರಡು ಗಂಟೆಗೊಮ್ಮೆ ಎಲ್ಲರೂ ಇಳಿದು ಹತ್ತು ನಿಮಿಷ ಅಡ್ಡಾಡಲೇಬೇಕು. ಅತ್ತೆಯವರಿಗೆ ಕಾಲು ಊದುತ್ತದೆ, ಒಂದೇ ಕಡೆ ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂರುವುದು ವಯಸ್ಸಾದವರ ರಕ್ತನಾಳಗಳಿಗೆ ಒಳ್ಳೆಯದಲ್ಲ. ಅಂದು ಶಿವಮೊಗ್ಗದಲ್ಲೇ ಉಳಿದು, ಮರುದಿನ ಬೆಳಕು ಚೆನ್ನಾಗಿ ಹರಿದ ಮೇಲೆ ಹೊಸನಗರ, ನಗರದ ದಾರಿಯಲ್ಲಿ ಹುಲಿಕಲ್ ಘಾಟಿ ಇಳಿಯುತ್ತೇವೆ. ‘ಒಂದು ದಿನದ ದಾರಿಗೆ ಎರಡು ದಿನವೇ’ ಎಂದು ನೆಂಟರು ಕೇಳುತ್ತಾರೆ. ಆದರೆ ಹಾಗೆ ಹೋದ ಮೇಲೆ ಊರು ತಲುಪಿದ ದಿನ ಯಾರೂ ಸುಸ್ತಾಗಿ ಮಲಗುವುದಿಲ್ಲ, ಮಕ್ಕಳು ನೇರವಾಗಿ ಕಡಲ ತೀರಕ್ಕೆ ಓಡುತ್ತಾರೆ. ರಜೆ ನಿಜವಾಗಿ ಒಂದು ದಿನ ಹೆಚ್ಚಾದಂತೆ ನನಗೆ ಅನಿಸಿದೆ.

ಘಟ್ಟವನ್ನು ಹಗಲಲ್ಲೇ ಇಳಿಯಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದುದರಲ್ಲಿ ಅರ್ಥವಿದೆ. ಮಂಜು ಕವಿದಾಗ ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ಮರಳುತ್ತದೆ, ಆಗ ಲೋಬೀಮ್‌ನಲ್ಲೇ ನಿಧಾನವಾಗಿ ಹೋಗಬೇಕು. ಇಳಿಜಾರಿನಲ್ಲಿ ಇಂಧನ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕುವುದು ಅಪಾಯಕಾರಿ. ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಇಳಿಯುವಾಗಲೂ ಹೆಚ್ಚುಕಡಿಮೆ ಅದೇ ಗೇರ್ ಇರಬೇಕು. ಬರಿಯ ಬ್ರೇಕನ್ನೇ ನಂಬಿ ಒತ್ತುತ್ತಾ ಬಂದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹತ್ತಿಬರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬ ನಿಯಮವನ್ನು ಹೊಸದಾಗಿ ಗಾಡಿ ಕಲಿತ ಮಕ್ಕಳಿಗೆ ಮನೆಯ ಹಿರಿಯರೇ ಹೇಳಿಕೊಡಬೇಕಾಗಿದೆ. ಘಟ್ಟದ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ; ಇಳಿಯುವ ಮುನ್ನವೇ ಊರಿನವರಿಗೆ ಹೇಳಿಬಿಡುವುದು ಲೇಸು. 112, 108 ಮತ್ತು ಹೆದ್ದಾರಿ ಪ್ರಾಧಿಕಾರದ 1033 ಸಂಖ್ಯೆಗಳು ಮಕ್ಕಳಿಗೂ ಬಾಯಿಪಾಠವಾಗಿರಲಿ.

ಸೀಟ್ ಬೆಲ್ಟ್ ಬಗ್ಗೆ ಒಂದು ಮಾತು. ಮುಂದೆ ಕೂತವರು ದಂಡಕ್ಕೆ ಹೆದರಿ ಹಾಕಿಕೊಳ್ಳುತ್ತಾರೆ, ಹಿಂದಿನವರು ಹಾಕುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿಯವರು ಪಾಲ್ಘರ್ ಬಳಿಯ ಅಪಘಾತದಲ್ಲಿ ತೀರಿಕೊಂಡಾಗ ಅವರು ಕೂತಿದ್ದು ಹಿಂದಿನ ಆಸನದಲ್ಲಿ, ಬೆಲ್ಟ್ ಧರಿಸಿರಲಿಲ್ಲವೆಂದು ವರದಿಯಾಗಿತ್ತು. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಮುಂದಿನ ಆಸನದಲ್ಲಿ ಕೂರುವ ನಮ್ಮ ವಾಡಿಕೆಯಂತೂ ತೀರಾ ಅಪಾಯದ್ದು; ಡಿಕ್ಕಿಯಾದ ಕ್ಷಣ ಎಂಥ ತಾಯಿಯ ತೋಳಿಗೂ ಮಗುವನ್ನು ಹಿಡಿದಿಡುವ ಶಕ್ತಿಯಿರುವುದಿಲ್ಲ, ಏರ್‌ಬ್ಯಾಗ್ ಬಿಚ್ಚಿಕೊಂಡರೆ ಅದೂ ಮಗುವಿನ ಮೇಲೆಯೇ ಬಡಿಯುತ್ತದೆ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕೆಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೇಳುತ್ತದೆ. ಊರಿನಿಂದ ಬರುವಾಗ ನಾವು ತರುವ ತೆಂಗಿನಕಾಯಿ, ಕುಚ್ಚಲಕ್ಕಿ ಮೂಟೆ, ಉಪ್ಪಿನಕಾಯಿ ಭರಣಿಗಳನ್ನು ಹಿಂದಿನ ಗಾಜಿನ ಬಳಿ ಪೇರಿಸದೆ ಡಿಕ್ಕಿಯ ತಳದಲ್ಲಿಡಬೇಕು. ಆ ಭಾರಕ್ಕೆ ತಕ್ಕಂತೆ ಟೈರಿನ ಗಾಳಿ ಎಷ್ಟಿರಬೇಕೆಂಬುದು ಚಾಲಕನ ಬಾಗಿಲಿನ ಪಕ್ಕದ ಚೀಟಿಯಲ್ಲಿ ಬರೆದಿರುತ್ತದೆ, ಟೈರು ತಣ್ಣಗಿರುವಾಗಲೇ ತುಂಬಿಸಬೇಕು. ಸ್ಟೆಪ್ನಿಯನ್ನು ನೋಡಲು ಮರೆಯಬಾರದು.

ಹೆಂಗಸರ ಕಷ್ಟವೊಂದನ್ನು ಇಲ್ಲಿ ಸಂಕೋಚವಿಲ್ಲದೆ ಬರೆಯುತ್ತೇನೆ. ಶುಚಿಯಾದ ಶೌಚಾಲಯ ಸಿಗುವುದಿಲ್ಲವೆಂಬ ಒಂದೇ ಕಾರಣಕ್ಕೆ ನಮ್ಮಲ್ಲಿ ಬಹಳಷ್ಟು ಮಂದಿ ಪ್ರಯಾಣದ ದಿನ ನೀರು ಕುಡಿಯುವುದನ್ನೇ ಬಿಡುತ್ತಾರೆ. ಮಧುಮೇಹವಿರುವ ಅತ್ತೆಯವರು ಹಾಗೆ ಮಾಡಿ ಒಮ್ಮೆ ತಲೆಸುತ್ತಿ ಬಿದ್ದರು, ಮೂತ್ರದ ಸೋಂಕಿನಿಂದ ನರಳಿದವರೂ ನಮ್ಮ ಮನೆಯಲ್ಲಿದ್ದಾರೆ. ಪೆಟ್ರೋಲ್ ಬಂಕುಗಳಲ್ಲಿ ಶೌಚಾಲಯವಿದ್ದರೂ ಎಷ್ಟೋ ಕಡೆ ಬೀಗ ಜಡಿದಿರುತ್ತದೆ, ಕೀಲಿಕೈ ಕೇಳಿದರೆ ಇಲ್ಲವೆನ್ನುತ್ತಾರೆ. ಟೋಲ್ ಕಟ್ಟಿ ಸಾಗುವ ಹೆದ್ದಾರಿಗಳಲ್ಲಿ ಐವತ್ತು ಕಿಲೋಮೀಟರಿಗೆ ಒಂದಾದರೂ ನೀರು, ಬೆಳಕು, ಕಾವಲುಗಾರ್ತಿ ಇರುವ ಶೌಚಾಲಯವನ್ನೂ, ಅದರ ಪಕ್ಕದಲ್ಲೇ ದಣಿದ ಚಾಲಕ ನಿರ್ಭಯವಾಗಿ ಅರ್ಧ ಗಂಟೆ ಮಲಗಬಹುದಾದ ತಂಗುದಾಣವನ್ನೂ ಕಟ್ಟಬೇಕೆಂದು ಹೆದ್ದಾರಿ ಪ್ರಾಧಿಕಾರವನ್ನು ಕೋರುತ್ತೇನೆ. ಇವೆರಡೂ ಒಂದೇ ಜಾಗದಲ್ಲಿದ್ದರೆ ಕುಟುಂಬಗಳು ತಾವಾಗಿಯೇ ಅಲ್ಲಿ ನಿಲ್ಲುತ್ತವೆ, ಚಾಲಕನಿಗೆ ಬೇಡದೆಯೇ ವಿಶ್ರಾಂತಿ ದೊರೆಯುತ್ತದೆ.

ಇನ್ನೊಂದು ಎಚ್ಚರಿಕೆ ಔಷಧಿಯದ್ದು. ನೆಗಡಿಗೆ, ಅಲರ್ಜಿಗೆ, ಘಟ್ಟದ ತಿರುವುಗಳಲ್ಲಿ ವಾಂತಿಯಾಗದಿರಲು ತೆಗೆದುಕೊಳ್ಳುವ ಮಾತ್ರೆಗಳಲ್ಲಿ ಹಲವು ನಿದ್ದೆ ಬರಿಸುತ್ತವೆ. ಮಕ್ಕಳಿಗೆ ವೈದ್ಯರನ್ನು ಕೇಳಿ ಕೊಡಬಹುದು, ಗಾಡಿ ಓಡಿಸುವವರು ಮುಟ್ಟಬಾರದು. ಇನ್ಸುಲಿನ್ ಬಳಸುವವರು ಅದನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಹೋಗದಿರಲಿ.

ಕೊನೆಯದಾಗಿ ತಮ್ಮ ಪತ್ರಿಕೆಗೇ ಒಂದು ಮನವಿ. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದು ಶಿರಾಡಿ ದಾರಿ ಬಂದ್ ಆದಾಗ, ವಿಷಯ ತಿಳಿಯದೆ ಹೊರಟ ಕುಟುಂಬಗಳು ನಡುದಾರಿಯಲ್ಲಿ ಮಕ್ಕಳು ಮುದುಕರೊಂದಿಗೆ ಪರದಾಡಿದವು. ಚಾರ್ಮಾಡಿಯಲ್ಲೂ ಮಳೆ ಹೆಚ್ಚಾದಾಗ ರಾತ್ರಿ ಸಂಚಾರ ನಿಲ್ಲಿಸುವುದುಂಟು. ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧವಿರುವುದು ತಿಳಿಯದೆ ಗುಂಡ್ಲುಪೇಟೆಯ ತನಕ ಹೋಗಿ ಕಾಯುವವರನ್ನು ನಾನು ಕಂಡಿದ್ದೇನೆ. ರಜೆಯ ದಿನಗಳಲ್ಲಿ ಶಿರಾಡಿ, ಚಾರ್ಮಾಡಿ, ಆಗುಂಬೆ, ಹುಲಿಕಲ್, ಸಂಪಾಜೆ ದಾರಿಗಳ ಆ ದಿನದ ಸ್ಥಿತಿಯನ್ನೂ, ಆಯಾ ಜಿಲ್ಲಾಡಳಿತ ಹೊರಡಿಸಿದ ಆದೇಶವನ್ನೂ ಹವಾಮಾನ ವರದಿಯ ಪಕ್ಕದಲ್ಲೇ ನಾಲ್ಕು ಸಾಲಿನ ಚೌಕಟ್ಟಿನಲ್ಲಿ ಪ್ರತಿದಿನ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ. ಹಿಂದಿನ ದಿನವೇ ಓದಿ ತಿಳಿದರೆ ಯಾವ ದಾರಿ ಹಿಡಿಯಬೇಕು, ಎಲ್ಲಿ ತಂಗಬೇಕು ಎಂದು ಮನೆಯಲ್ಲೇ ಕೂತು ನಿರ್ಧರಿಸಲು ನಮ್ಮಂಥವರಿಗೆ ಅನುಕೂಲವಾಗುತ್ತದೆ.

ವಂದನೆಗಳೊಂದಿಗೆ,
ಓರ್ವ ಓದುಗಿ, ರಾಜಾಜಿನಗರ, ಬೆಂಗಳೂರು